ಏರಿ ಹತ್ತಿದ ಮೇಲೆ ಬರುತ್ತಿದ್ದ ಸುದ್ದಿ

ಬೆಳಗಿನ ಗಿರಾಕಿಗಳ ಗದ್ದಲ ಮುಗಿದು, ನಾನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಚಹಾ ಹಿಡಿದು ಕೂರುವ ಹೊತ್ತಿಗೆ ಸರಿಯಾಗಿ ನನ್ನ ಫೋನ್ ಗುಣುಗುತ್ತಿತ್ತು. ಒಂದು ಸಲವಲ್ಲ, ನಾಲ್ಕೈದು ಸಲ, ಬೆನ್ನುಬೆನ್ನಿಗೆ. ಸಕ್ಕರೆ ತೂಗುತ್ತಿದ್ದ ನಮ್ಮ ಮನೆಯವರು ತಲೆಯನ್ನೂ ಎತ್ತದೆ, "ನಿಮ್ಮ ಫಕ್ಕೀರವ್ವ ಏರಿ ಹತ್ತಿದ್ಲು ನೋಡು" ಅನ್ನುತ್ತಿದ್ದರು. ಅವರಿಗೆ ಅದೊಂದು ಚೇಷ್ಟೆ. ನನಗೆ ಮಾತ್ರ ಆ ಗುಣುಗು ಕೇಳಿದ ಮೇಲೆಯೇ ಚಹಾ ರುಚಿ ಹತ್ತುತ್ತಿತ್ತು.

ನಾನಿರುವುದು ಹಿರೇಕೆರೂರು ತಾಲೂಕಿನ ಹಂಸಭಾವಿಯಲ್ಲಿ. ನಮ್ಮದು ಕಿರಾಣಿ ಅಂಗಡಿ, ಊರಾಚೆ ಒಂದಿಷ್ಟು ಹೊಲ. ಫಕ್ಕೀರವ್ವನದು ಶಿಗ್ಗಾಂವಿ ತಾಲೂಕಿನ ದುಂಡಸಿ. ಅವಳ ಹೊಲ ಕೆರೆಯ ಏರಿಯ ಕೆಳಗೆ ತಗ್ಗಿನಲ್ಲಿತ್ತು, ಅಲ್ಲಿ ನೆಟ್‌ವರ್ಕ್ ಎಂಬುದು ಹೆಸರಿಗೂ ಸಿಗುತ್ತಿರಲಿಲ್ಲ. ಅವಳಿಗೆ ಓದುಬರಹ ಬಾರದು. ಹಾಗಾಗಿ ಹೊಲದಲ್ಲಿ ಏನು ಕಂಡರೂ ಅಲ್ಲೇ ನಿಂತು ಫೋನಿಗೆ ಹೇಳಿಬಿಡುತ್ತಿದ್ದಳು. ಆ ಮಾತುಗಳು ಎಲ್ಲಿಗೂ ಹೋಗದೆ ಫೋನಿನೊಳಗೇ ಕೂತಿರುತ್ತಿದ್ದವು. ಮೇವಿನ ಹೊರೆ ಹೊತ್ತು ಅವಳು ಏರಿ ಹತ್ತಿದಳೆಂದರೆ ಸಿಗ್ನಲ್ ಸಿಕ್ಕು ಎಲ್ಲವೂ ಒಟ್ಟಿಗೆ ಹೊರಟು ಹಂಸಭಾವಿಗೆ, ಹಾನಗಲ್ಲಿಗೆ, ಸವಣೂರಿಗೆ ಬಂದು ಬೀಳುತ್ತಿದ್ದವು.

ನಾವು ನಾಲ್ವರು ಗೆಳತಿಯರಾದದ್ದು ಹುಬ್ಬಳ್ಳಿಯ ಒಂದು ದವಾಖಾನೆಯ ವರಾಂಡದಲ್ಲಿ. ನನ್ನ ಅವ್ವನಿಗೆ ಲಕ್ವ ಹೊಡೆದಿತ್ತು. ಹಾನಗಲ್ಲಿನ ತಿಪ್ಪವ್ವ ತಂಗಿಯನ್ನು ಕರೆತಂದಿದ್ದಳು, ಸವಣೂರಿನ ಗೌಹರ ತನ್ನ ಅಣ್ಣನನ್ನು. ಫಕ್ಕೀರವ್ವನ ಗಂಡ ಪರಮೇಶ್ವರಪ್ಪನವರಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅಲ್ಲಿ ಬೆಳಗಾದರೆ ಎಲ್ಲರೂ ಎಲ್ಲರನ್ನೂ ಕೇಳುವುದು ಒಂದೇ ಪ್ರಶ್ನೆ, ಪೇಷಂಟ್ ಹೇಗಿದ್ದಾರೆ ಅಂತ. ಕೇಳುವವರಿಗೇನು, ಬಾಯಿಮಾತು. ಹೇಳುವವರು ದಿನಕ್ಕೆ ಹತ್ತು ಸಲ ಅದನ್ನೇ ಹೇಳಬೇಕು. ಹಾಗೆ ಕೇಳಿದ ಒಬ್ಬ ದೂರದ ನೆಂಟನ ಮೇಲೆ ನಾನು ಹರಿಹಾಯ್ದಾಗ, ಆತ ತಂದ ಬಾಳೆಹಣ್ಣನ್ನು ಅಲ್ಲೇ ಬಿಟ್ಟು ಹೋಗಿದ್ದ.

ಅದನ್ನು ನೋಡಿದ ಫಕ್ಕೀರವ್ವ ನಲ್ಲಿಯಲ್ಲಿ ಮುಖ ತೊಳೆದು ಬಂದು ನನ್ನ ಪಕ್ಕ ಕೂತಳು. ನನ್ನ ಹೆಸರು ಕೇಳಲಿಲ್ಲ, ಅವ್ವನ ಸುದ್ದಿ ಕೇಳಲಿಲ್ಲ. ಎದುರಿನ ಗೋಡೆಯ ಕಿಂಡಿಯತ್ತ ಕೈಮಾಡಿ, "ಗೊರವಂಕ ಮರಿ ಮಾಡೇತಿ ನೋಡು. ಒಂದ ಮರಿ ಭಾಳ ಧೈರ್ಯದ್ದೈತಿ, ಹೊರಗ ತಲಿ ಹಾಕಾಕತ್ತೈತಿ" ಎಂದಳು. ನಾನು ನೋಡಿದೆ. ಹಳದಿ ಬಾಯಿಯ ಒಂದು ಮರಿ ಹುಬ್ಬಳ್ಳಿಯ ಅಷ್ಟೂ ಧೂಳನ್ನು ಬೆರಗಾಗಿ ನೋಡುತ್ತಿತ್ತು. ಆ ದಿನ ನಾನು ಮೊದಲ ಸಲ ಹೊಟ್ಟೆ ತುಂಬ ಉಂಡೆ. ಮರುದಿನದಿಂದ ನಮ್ಮ ನಾಲ್ವರಲ್ಲಿ ಯಾರೂ ಯಾರ ಪೇಷಂಟಿನ ಸುದ್ದಿಯನ್ನೂ ಕೇಳಲಿಲ್ಲ. ಇವತ್ತೇನು ಕಂಡಿರಿ ಎಂದು ಕೇಳತೊಡಗಿದೆವು.

ಪರಮೇಶ್ವರಪ್ಪನವರು ಉಳಿಯಲಿಲ್ಲ. ಅವರನ್ನು ಗಾಡಿಗೆ ಏರಿಸುವಾಗ ಫಕ್ಕೀರವ್ವ ನಮ್ಮ ಮೂವರ ಕೈಯನ್ನೂ ಒಂದೊಂದಾಗಿ ಹಿಡಿದು, ಆ ಮರಿ ಹಾರಿದ ದಿನ ತನಗೆ ತಿಳಿಸಿ ಎಂದಷ್ಟೇ ಹೇಳಿ ಹೋದಳು. ಅದು ಹಾರಿದ ದಿನ ಗೌಹರ ಅವಳ ಮನೆಗೆ ಫೋನ್ ಮಾಡಿ ತಿಳಿಸಿದಳು. ನಮ್ಮ ಫೋನಿನ ಒಡನಾಟ ಶುರುವಾದದ್ದು ಹಾಗೆ. ಆಮೇಲೆ ಗೌಹರಳ ಮಗಳು ಮದಿಹಾ ವಾಟ್ಸಾಪಿನಲ್ಲಿ ನಮಗೊಂದು ಗುಂಪು ಕಟ್ಟಿಕೊಟ್ಟು, "ಏನ್ ಕಂಡ್ರಿ" ಎಂದು ಹೆಸರಿಟ್ಟಳು. ಫಕ್ಕೀರವ್ವನಿಗೆ ಮೈದುನನ ಮಗಳು ವಾಣಿಶ್ರೀ ತನ್ನ ಹಳೆಯ ಫೋನ್ ಕೊಟ್ಟು, ಎಲ್ಲಿ ಒತ್ತಿ ಮಾತಾಡಬೇಕೆಂದು ಕಲಿಸಿದಳು.

ಗುಂಪಿನ ಕಟ್ಟಳೆಗಳನ್ನು ಕಾಯುವ ಕೆಲಸ ನನ್ನದು. ಗುಲಾಬಿ ಹೂವಿನ ಶುಭೋದಯ ಬರಕೂಡದು. ಹತ್ತು ಜನಕ್ಕೆ ಕಳಿಸಿದರೆ ಪುಣ್ಯ ಎಂಬ ದೇವರ ಚಿತ್ರ ಬರಕೂಡದು. ತಿಪ್ಪವ್ವ ಒಮ್ಮೆ ಅಂಥದ್ದೊಂದನ್ನು ಕಳಿಸಿ, ನನ್ನಿಂದ ಮಂಗಳಾರತಿ ಮಾಡಿಸಿಕೊಂಡು, ಎರಡು ದಿನ ಮಾತು ಬಿಟ್ಟಿದ್ದಳು. ದಿನಕ್ಕೆ ಒಂದಾದರೂ ಕಂಡದ್ದು ಹೇಳಬೇಕು. ಹೇಳದಿದ್ದವರಿಗೆ ಮಧ್ಯಾಹ್ನದೊಳಗೆ ಉಳಿದವರು ಫೋನ್ ಮಾಡಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ವರಾಂಡದಿಂದಲೇ ಬಂದದ್ದು: ಬೇನೆಯ ಮಾತು ಕೇಳಬಾರದು.

ಮಳೆ ಹಿಂದೆ ಸರಿದು ದಸರೆ ಹತ್ತಿರವಾಗುವ ದಿನಗಳು ಬಂದರೆ ನಮ್ಮ ಗುಂಪಿಗೆ ಸುಗ್ಗಿ. ಹಾನಗಲ್ಲಿನ ಕೆರೆಗೆ ಯಾವ ಬಾತು ಬಂತು, ಯಾವ ನೀರುಕೋಳಿ ಮರಿ ಕಟ್ಟಿಕೊಂಡು ಹೊರಟಿತು ಎಂದು ತಿಪ್ಪವ್ವ ಊರ ಹೆಂಗಸರ ಸುದ್ದಿ ಹೇಳಿದಂತೆಯೇ ಹೇಳುತ್ತಿದ್ದಳು. ಗೌಹರ ಮನೆ ಬಿಟ್ಟು ಹೊರಬೀಳುವುದು ಕಡಿಮೆ. ಅವರ ಮನೆಯದು ವೀಳ್ಯದೆಲೆ ವ್ಯಾಪಾರ. ಮಾಳಿಗೆ ಮೇಲೆ ಅರಿವೆ ಒಣಹಾಕುವಾಗ ಕಂಡ ಏರೋಪ್ಲೇನ್ ಚಿಟ್ಟೆಗಳ ಹಿಂಡು, ಎಲೆಬಳ್ಳಿಯ ಪೆಂಡಿಯೊಳಗೆ ಸವಾರಿ ಬಂದ ಹಸಿರು ಕಪ್ಪೆ, ಸವಣೂರಿನ ಆ ದೊಡ್ಡಹುಣಸೆ ಮರಗಳ ಕಡೆಯಿಂದ ಸಂಜೆ ಹೊರಡುವ ಬಾವಲಿಗಳು, ಇವೇ ಅವಳ ಪಾಲಿನವು. ನನ್ನದು ಅಂಗಡಿಯ ಮುಂದಿನ ಲೈಟ್ ಕಂಬ. ಅದರ ತಂತಿಯ ಮೇಲೆ ಯಾರು ಬಂದು ಕೂತರೋ ಅವರು ನನ್ನವರು. ಫಕ್ಕೀರವ್ವ ಮಾತ್ರ ಹೊಲ ತುಂಬ ಸುದ್ದಿ ತರುತ್ತಿದ್ದಳು. ಗೀಜಗದ ಗೂಡು ಖಾಲಿಯಾದದ್ದು, ಗುರೆಳ್ಳು ಹೂ ಬಿಟ್ಟದ್ದು, ನವಿಲು ಗರಿ ಉದುರಿಸಿ ಬೋಳಾಗಿ ನಾಚಿಕೊಂಡು ಓಡಾಡುವುದು. ಅದನ್ನವಳು ಹೇಳುವ ರೀತಿಗೆ ನಾನು ಬೆಲ್ಲ ಕಟ್ಟುತ್ತ ಒಬ್ಬಳೇ ನಗುತ್ತಿದ್ದೆ.

ನನ್ನ ಅವ್ವ ತೀರಿಕೊಂಡಾಗ ಮನೆ ತುಂಬ ಜನ ಬಂದು, ಹೇಗೆ ಹೋದರು, ಎಷ್ಟೊತ್ತಿಗೆ ಹೋದರು ಎಂದು ಕೇಳಿ ಕೇಳಿ ನನ್ನನ್ನು ಹಣ್ಣು ಮಾಡಿದರು. ಫೋನಿನಲ್ಲಿ ಫಕ್ಕೀರವ್ವನ ಧ್ವನಿ ಬಂತು. "ನೀಲವ್ವ, ನೀ ಏನೂ ಹೇಳಬ್ಯಾಡ. ನಾ ಕಂಡಿದ್ದು ಕೇಳ್ಕೊಂತ ಕುಂದ್ರು." ಆಮೇಲೆ ಆ ತಿಂಗಳುದ್ದಕ್ಕೂ ದಿನಾ ಬೆಳಿಗ್ಗೆ ನನ್ನೊಬ್ಬಳಿಗೇ ಬೇರೆಯಾಗಿ ಹೇಳಿ ಕಳಿಸಿದಳು. ಒಂದಕ್ಕೂ ನಾನು ಉತ್ತರ ಕೊಡಲಿಲ್ಲ. ಅವಳು ಕೇಳಲೂ ಇಲ್ಲ. ಒಡಹುಟ್ಟಿದವರು ನನಗೆ ಅಷ್ಟು ಮಾಡಲಿಲ್ಲ. ಇದನ್ನು ಅವರ ಮುಂದೆಯೇ ಹೇಳಿ ಬೈಸಿಕೊಂಡಿದ್ದೇನೆ.

ಇಷ್ಟೆಲ್ಲ ಕಾಣುತ್ತಿದ್ದವಳು ತನ್ನ ಬದುಕಿನ ಬಗ್ಗೆ ಹೇಳಿಕೊಂಡದ್ದು ಕಡಿಮೆ. ಹದಿನಾರಕ್ಕೆ ಮದುವೆಯಾಗಿ ದುಂಡಸಿಗೆ ಬಂದಳು. ಮಕ್ಕಳಾಗಲಿಲ್ಲ. ಗಂಡ ಒಳ್ಳೆಯವರು, ಮೆದು ಮಾತಿನವರು, ಆದರೆ ಮೊದಲಿನಿಂದಲೂ ಮೈಯಲ್ಲಿ ಕಸುವಿಲ್ಲ. ಏರಿ ಕೆಳಗಿನ ಆ ಹೊಲವನ್ನು ನಿಜದಲ್ಲಿ ಮಾಡಿದವಳು ಇವಳೇ. ಬದು ಹಾಕಿದವಳು, ಕೆರೆ ಹೂಳನ್ನು ಬುಟ್ಟಿಯಲ್ಲಿ ಹೊತ್ತು ಹರವಿದವಳು, ಬತ್ತದ ಸಸಿ ಹಚ್ಚಿದವಳು ಇವಳು. ಗಂಡ ಹೋದ ಮೇಲೆ ಹೊಲ ಮೈದುನ ಈರಭದ್ರಪ್ಪನ ಜೊತೆ ಒಟ್ಟಿಗೇ ಉಳಿಯಿತು. ದುಡಿಯುವ ಕೈ ಅವಳದೇ ಆಗಿತ್ತು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ತಕರಾರು ಇದ್ದದ್ದು ಶೀಗಿ ಹುಣ್ಣಿಮೆಗೆ. ದಸರೆ ಮುಗಿದ ಮೇಲೆ ಬರುವ ಆ ಹುಣ್ಣಿಮೆಯ ಹೊತ್ತಿಗೆ ತೆನೆ ಹಾಲು ತುಂಬಿಕೊಳ್ಳುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎನ್ನುತ್ತೇವೆ. ಹೋಳಿಗೆ, ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಎಲ್ಲ ಮಾಡಿ ಬುಟ್ಟಿ ತುಂಬಿ ಹೊಲಕ್ಕೆ ಒಯ್ಯುತ್ತೇವೆ. ಬನ್ನಿಗಿಡದ ಬುಡದಲ್ಲಿ ಹಸಿರು ಕುಬಸವಿಟ್ಟು, ಬಸುರಿಗೆ ತುಂಬಿದಂತೆಯೇ ಭೂಮಿಗೆ ಉಡಿ ತುಂಬುತ್ತೇವೆ. ಆಮೇಲೆ ಚರಗ. ಎಲ್ಲ ಅಡುಗೆಯನ್ನೂ ಕಲಸಿ ಹೊಲದ ನಾಲ್ಕೂ ಮೂಲೆಗೆ ಚೆಲ್ಲುವುದು. ಅದಕ್ಕೆ ಇಬ್ಬರು ಬೇಕು. ಮುಂದಿನವರು ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವರು ಚೆರಿಗೆಯ ನೀರು ಚಿಮುಕಿಸುತ್ತ "ಸಲಾಂಬ್ರಿಗೋ" ಎಂದು ಓಗೊಡಬೇಕು.

ಗಂಡ ಸತ್ತ ಮೊದಲ ವರ್ಷ ಫಕ್ಕೀರವ್ವ ಎಂದಿನಂತೆ ಅಡುಗೆಯೆಲ್ಲ ತಾನೇ ಮಾಡಿ, ಬುಟ್ಟಿಯನ್ನು ತಾನೇ ಹೊತ್ತು ಹೊಲಕ್ಕೆ ಹೋದಳು. ಬನ್ನಿಗಿಡದ ಕೆಳಗೆ ಎಲೆ ಹಾಸಲು ಕೂರುವಷ್ಟರಲ್ಲಿ ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಅಕ್ಕ ನೀನು ಅತ್ತ ಕೂತುಕೋ ಎಂದಳು. ಬೈಯಲಿಲ್ಲ, ಗದರಲಿಲ್ಲ, ಮೆಲ್ಲಗೆ ಹೇಳಿದಳು. ಫಕ್ಕೀರವ್ವ ಎದ್ದು ಹೋಗಿ ಬದುವಿನ ಮೇಲೆ ಕೂತಳು. ಲಿಂಗವಂತರಾದ ನಮ್ಮಲ್ಲಿ ಸೂತಕವಿಲ್ಲ, ವಿಧವೆ ಎಂಬ ಭೇದವಿಲ್ಲ ಎಂದು ವೇದಿಕೆ ಮೇಲೆ ಹೇಳುವವರು ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬರಾದರೂ ಉಡಿ ತುಂಬುವ ಹೊತ್ತಿಗೆ ಹೊಲಕ್ಕೆ ಬಂದು ನಿಂತದ್ದನ್ನು ನಾನು ಕಂಡಿಲ್ಲ. ಆ ದಿನ ಗುಂಪಿಗೆ ಅವಳದು ಒಂದೇ ಮಾತು ಬಂತು. "ಇವತ್ತ ನನ್ನ ಹೊಲಾ ದೂರ ಕುಂತು ನೋಡಿದ್ನಿ." ಮುಂದಿನ ವರ್ಷಗಳಲ್ಲಿ ಶೀಗಿ ಹುಣ್ಣಿಮೆಯ ದಿನ ಅವಳಿಂದ ಏನೂ ಬರುತ್ತಿರಲಿಲ್ಲ. ನಾವೂ ಫೋನ್ ಮಾಡುತ್ತಿರಲಿಲ್ಲ. ಅಂದೊಂದು ದಿನ ಅವಳಿಗೆ ಮೌನ ಬಿಟ್ಟುಕೊಡುವುದೇ ಪ್ರೀತಿ ಎಂದುಕೊಂಡಿದ್ದೆವು.

ಈ ವರ್ಷ ಮಳೆ ಹದವಾಗಿತ್ತು. ಏರಿ ಕೆಳಗಿನ ಬತ್ತ ಎದೆಮಟ್ಟ ಬಂದಿದೆ ಎಂದು ಅವಳು ಹಿಗ್ಗಿನಿಂದ ಹೇಳುತ್ತಿದ್ದಳು. ದಸರೆಯ ಮರುದಿನ, ಬನ್ನಿ ಹಂಚಿಕೊಂಡು ಬಂಗಾರದಂತೆ ಇರೋಣ ಎಂದು ನಾಲ್ವರೂ ಹೇಳಿಕೊಂಡ ಮೇಲೆ, ನನಗೆ ತಡೆಯಲಾಗಲಿಲ್ಲ. ಈ ಸಲ ನೀನೇ ಉಡಿ ತುಂಬು, ಯಾರು ಏನನ್ನುತ್ತಾರೋ ನೋಡೋಣ, ಬೇಕಾದರೆ ನಾನೇ ಬಂದು ಪಕ್ಕಕ್ಕೆ ನಿಲ್ಲುತ್ತೇನೆ ಎಂದೆ. ತಿಪ್ಪವ್ವ ನನ್ನನ್ನು ಗದರಿದಳು. ಹೇಳಿ ಹೋಗುವುದು ಸುಲಭ, ಅದೇ ಮನೆಯಲ್ಲಿ ಬಾಳಬೇಕಾದವಳು ಅವಳು ಎಂದಳು. ಫಕ್ಕೀರವ್ವನ ಉತ್ತರ ಮರುದಿನ, ಏರಿ ಹತ್ತಿದ ಮೇಲೆ ಬಂತು.

"ಭೂಮಿತಾಯಿಗೆ ನನ್ನ ಕೈ ಬ್ಯಾಡಾಗಿದ್ರ, ಸಸಿ ಹಚ್ಚುವಾಗ ಯಾಕ ಬ್ಯಾಡ ಅನ್ಲಿಲ್ಲ ನೀಲವ್ವ? ನಾ ಹಚ್ಚಿದ್ದು ಹಚ್ಚಿದ್ಹಂಗ ಎದ್ದ ನಿಂತೈತಿ. ಆದ್ರ ನಾಳೆ ಒಂದ ರೋಗ ಬಂತಂದ್ರ ನನ್ನ ಕೈನ ಕಾರಣ ಅಂತಾರ. ಅದಕ್ಕ ಅಂಜತೇನಿ. ಒಂದ ಸಲ ಆಕಿ ಉಡಿ ತುಂಬಿ ಕಣ್ಣು ಮುಚ್ಚಬೇಕಂತ ಆಸೆ ಐತಿ, ಸುಳ್ಳ ಯಾಕ ಹೇಳ್ಲಿ." ಇಷ್ಟು ಹೇಳಿ, ಕೆರೆಯ ಮೇಲೆ ಮೀನುಗುಟುಕ ಕೂತಿರುವುದನ್ನು ಹೇಳಿ ಮುಗಿಸಿದ್ದಳು.

ಅದಾದ ಮೇಲೆ ಇನ್ನೊಂದು ಬೆಳಿಗ್ಗೆ ಅವಳು ಹೇಳಿದ್ದು ಇದು: "ಯಾಕೋ ಎದಿ ಹಿಡದಂಗಾತು, ಬದುವಿನ ಮ್ಯಾಲೆ ಕುಂತೆ. ಕುಂತಿದ್ದಕ್ಕ ಮುಂಗಸಿ ಕಾಣ್ತು ನೋಡ್ರಿ, ಮರಿ ಕಟಗೊಂಡು ಹೊಂಟಿತ್ತು." ಮುಂಗುಸಿ ಕಂಡರೆ ಒಳ್ಳೆಯದಾಗುತ್ತದೆ ಎಂದು ತಿಪ್ಪವ್ವ ಸಂಭ್ರಮಪಟ್ಟಳು. ಮರಿ ಎಷ್ಟು ದೊಡ್ಡವು ಎಂದು ಗೌಹರ ಕೇಳಿದಳು. ಇನ್ನು ನಿನಗೆ ಹೂತಿಟ್ಟ ಕೊಪ್ಪರಿಗೆ ಸಿಗುವುದೊಂದು ಬಾಕಿ ಎಂದು ನಾನು ಕಾಡಿದೆ. ದಿನವಿಡೀ ಮುಂಗುಸಿಯ ಮಾತೇ ನಡೆಯಿತು. ಎದೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಬೇನೆ ಕೇಳಬಾರದೆಂಬುದು ನಮ್ಮಲ್ಲಿ ಅಷ್ಟು ಬೇರು ಬಿಟ್ಟಿತ್ತು.

ಶೀಗಿ ಹುಣ್ಣಿಮೆ ಬಂತು. ಫಕ್ಕೀರವ್ವನಿಗೆ ನೋವಾಗಬಾರದೆಂದು ನಾನೂ ತಿಪ್ಪವ್ವನೂ ಅವತ್ತು ನಮ್ಮ ಬುಟ್ಟಿ, ನಮ್ಮ ಚರಗದ ಚಿತ್ರ ಹಾಕಲಿಲ್ಲ. ದಿನದ ಸುದ್ದಿ ಎಂದು ತಿಪ್ಪವ್ವ ಒಂದು ನೀರುಕೋಳಿಯನ್ನು, ಗೌಹರ ಒಂದು ಚಿಟ್ಟೆಯನ್ನು ಹೇಳಿ ಸುಮ್ಮನಾದರು. ಎಂದಿನ ಹೊತ್ತಿಗೆ ಫೋನ್ ಗುಣುಗಲಿಲ್ಲ. ನಿಮ್ಮ ಫಕ್ಕೀರವ್ವ ಇವತ್ತು ಏರಿ ಹತ್ತಲಿಲ್ಲವಲ್ಲ ಎಂದು ನಮ್ಮವರು ಕೇಳಿದ್ದಕ್ಕೆ, ಅಂಗಡಿ ಬಾಗಿಲು ಎಳೆಯುತ್ತ ನಾನು ಸಿಡುಕಿದೆ. ಇವತ್ತು ಯಾವ ದಿನ ಎಂಬುದೂ ಗೊತ್ತಾಗುವುದಿಲ್ಲವೇ ಎಂದೆ. ಹೊಲಕ್ಕೆ ಹೋದೆವು. ನಾನು ಉಡಿ ತುಂಬಿದೆ. ತುಂಬುವಾಗ ಅವಳ ನೆನಪಾಗಿ, ಕೈಯಲ್ಲಿದ್ದ ಕುಂಕುಮ ಭಾರವಾಯಿತು.

ಊಟಕ್ಕೆ ಎಲೆ ಹಾಸುವ ಹೊತ್ತಿಗೆ ಫೋನ್ ಗುಣುಗಿತು. ಒಂದು, ಮತ್ತೊಂದು, ಮಗದೊಂದು. ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು. ಏರಿ ಹತ್ತಿದಳು, ನಾನೇ ಅಂದೆ. ಕೈ ತೊಳೆದುಕೊಂಡು ಬಂದು ಫೋನನ್ನು ಕಿವಿಗೆ ಹಿಡಿದೆ.

"ನೀಲವ್ವ, ತಿಪ್ಪವ್ವ, ಗೌಹರ, ಮೂರೂ ಮಂದಿ ಕೇಳ್ರಿ. ಇನ್ನೂ ಹೊತ್ತು ಹೊಂಟಿಲ್ಲ. ನಾನೊಬ್ಬಾಕಿನ ಬಂದೇನಿ, ಮನ್ಯಾಗ ಯಾರಿಗೂ ಹೇಳಿಲ್ಲ. ಹಸರ ಕುಬಸ ಇಟ್ಟು ಉಡಿ ತುಂಬಿದ್ನಿ. ನನ್ನ ಈ ಕೈಲೇನ. ಆಕಿ ಏನೂ ಅನ್ಲಿಲ್ಲ."

ಎರಡನೆಯದರಲ್ಲಿ ಇಬ್ಬನಿ. ಬತ್ತದ ತೆನೆಯಿಂದ ತೆನೆಗೆ ಜೇಡರ ಬಲೆ ಕಟ್ಟಿದೆ, ಹೊಲಕ್ಕೆಲ್ಲ ಬಿಳಿ ಸೆರಗು ಹೊದಿಸಿದಂತಿದೆ, ದಾಟಿದರೆ ಹರಿಯುತ್ತದೆಂದು ಸುತ್ತಿ ಬಂದೆ ಎಂದಳು. ಮೂರನೆಯದರಲ್ಲಿ ಅವಳು ಏದುಸಿರು ಬಿಡುತ್ತಿದ್ದಳು. "ಚರಗಕ್ಕ ಇಬ್ಬರು ಬೇಕಲ್ಲ, ನನ್ನ ಹಿಂದ ಯಾರೂ ಇಲ್ಲ. ನಾ ಒದರತೇನಿ, ನೀವು ಅಲ್ಲಿಂದ ಓ ಅನ್ರಿ." ಆಮೇಲೆ ಅವಳ ಕೂಗು ಬಂತು. ಹುಲ್ಲುಲ್ಲಿಗೋ. ಇಷ್ಟು ವರ್ಷ ಮೆಲ್ಲಗೆ ಮಾತಾಡಿದ ಹೆಂಗಸಿಗೆ ಅಂಥ ಕೊರಳಿದೆಯೆಂದು ನಮಗೆ ಗೊತ್ತೇ ಇರಲಿಲ್ಲ. ನಾಲ್ಕನೆಯದರಲ್ಲಿಯೂ ಅದೇ ಕೂಗು, ಒಂದಾದ ಮೇಲೊಂದು ಮತ್ತೆರಡು ಮೂಲೆಗಳಿಂದ. ಕೊನೆಯದು ಚಿಕ್ಕದು. "ಮತ್ತ ಎದಿ ಹಿಡದೈತಿ, ಒಂಚೂರು ಕುಂತೇನಿ. ಬಡಗಣ ಮೂಲಿ ಒಂದ ಉಳದೈತಿ. ಬೆಳ್ಳಕ್ಕಿ ಬಂದಾವು, ಚರಗ ತಿನ್ನಾಕತ್ತಾವು. ನನ್ನ ನೋಡಿ ಅಂಜವಲ್ವು."

ನಾನು ಅಳುತ್ತಿದ್ದೆ, ನಗುತ್ತಿದ್ದೆ. ನಮ್ಮವರನ್ನು, ಮಕ್ಕಳನ್ನು ಕರೆದು ಕೇಳಿಸಿದೆ. ಅಷ್ಟರಲ್ಲಿ ತಿಪ್ಪವ್ವನ ಓಗೊಡುವ ಧ್ವನಿ ಗುಂಪಿನಲ್ಲಿ ಬಂದಿತ್ತು, ಹಾನಗಲ್ಲಿನ ಯಾವುದೋ ಗದ್ದೆಯ ಬದುವಿನಿಂದ, ಸಲಾಂಬ್ರಿಗೋ. ಹಿಂದೆಯೇ ಗೌಹರ. ಹುಟ್ಟಿದಾಗಿನಿಂದ ಆ ಕೂಗನ್ನು ಬೇರೆಯವರ ಹೊಲಗಳಲ್ಲಿ ಕೇಳಿದ್ದಳೇ ಹೊರತು ಬಾಯಿಂದ ಎಂದೂ ಅಂದಿರಲಿಲ್ಲ. ಮಾಳಿಗೆ ಮೇಲೆ ನಿಂತು ಅವಳೂ ಕೂಗಿದ್ದಳು, ಕೊನೆಯಲ್ಲಿ ನಾಚಿ ನಕ್ಕಿದ್ದಳು. ನಾನು ನಮ್ಮ ಹೊಲದ ನಡುವೆ ನಿಂತು, ಆಚೀಚೆ ಹೊಲದವರು ತಿರುಗಿ ನೋಡುವಂತೆ ಕೂಗಿ ಕಳಿಸಿದೆ. ಅಕ್ಕಾ, ಇವತ್ತು ನಿನ್ನ ಕೈ ಬಂಗಾರದ್ದಾಯಿತು ಎಂದೆ. ಇನ್ನೂ ಏನೇನೋ ಹೇಳಿದೆ. ಉತ್ತರ ಬರಲಿಲ್ಲ. ಮನೆಗೆ ಹೋಗಿ ಬೈಸಿಕೊಳ್ಳುತ್ತಿರಬೇಕು ಎಂದುಕೊಂಡು, ಸಂಜೆಗೆ ನಾನೇ ಫೋನ್ ಮಾಡಿ ಅವಳ ಮೈದುನನಿಗೆ ನಾಲ್ಕು ಮಾತು ಆಡಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತ ಕಡಬು ತಿಂದೆ.

ವಾಣಿಶ್ರೀ ಫೋನ್ ಮಾಡಿದಳು. ಆ ಹುಡುಗಿ ನನ್ನೊಡನೆ ಮಾತಾಡಿದ್ದು ಅದೇ ಮೊದಲು. "ನೀಲಾಂಬಿಕಾ ಅಕ್ಕಾರ, ನಾನು ಫಕ್ಕೀರವ್ವನ ಮೈದುನನ ಮಗಳು ರೀ. ದೊಡ್ಡವ್ವ ಹೋದಳ್ರಿ."

ಮನೆಯವರು ಬುಟ್ಟಿ ಹೊತ್ತು ಹೊಲಕ್ಕೆ ಹೋದಾಗ ಬನ್ನಿಗಿಡದ ಬುಡದಲ್ಲಿ ಹಸಿರು ಕುಬಸ, ಕಾಯಿ, ಆರಿದ ದೀಪ ಕಂಡವಂತೆ. ಸ್ವಲ್ಪ ಆಚೆ ಬದುವಿಗೆ ಬೆನ್ನು ಕೊಟ್ಟು ಫಕ್ಕೀರವ್ವ ಕೂತಿದ್ದಳಂತೆ, ಕಾಲಬಳಿ ಬುಟ್ಟಿ. ಮೈ ಆಗಲೇ ತಣ್ಣಗಾಗಿತ್ತು. ಎದೆ ನಿಂತು ಹೋಗಿದೆ, ಬಹಳ ಹೊತ್ತಾಗಿದೆ ಎಂದು ಊರಿನ ಡಾಕ್ಟರು ಹೇಳಿದರಂತೆ. ಈರಭದ್ರಪ್ಪನೂ ಇನ್ನಿಬ್ಬರೂ ಅವಳನ್ನು ಎತ್ತಿಕೊಂಡು ಮೇಲೆ ತಂದರು. ಫೋನ್ ಅವಳ ಸೊಂಟದ ಎಲೆಸಂಚಿಯಲ್ಲೇ ಇತ್ತು.

ಆಗ ನನಗೆ ತಿಳಿಯಿತು. ಏರಿ ಹತ್ತಿದ್ದು ಅವಳಲ್ಲ, ಅವಳನ್ನು ಹೊತ್ತವರು. ಅವರು ಹೆಣ ಹೊತ್ತು ಏರಿಯ ಮೇಲೆ ಕಾಲಿಟ್ಟಾಗ ಸಂಚಿಯೊಳಗಿನ ಮಾತುಗಳು ಹೊರಟು ನಮಗೆ ಬಂದವು. ನಾವು ಅವನ್ನು ಕೇಳಿ ಕುಣಿದಾಡಿದೆವು. ನಮ್ಮ ಕೂಗುಗಳು ಒಂದೊಂದಾಗಿ ಹೋಗಿ ಸತ್ತವಳ ಸೊಂಟದಲ್ಲಿ ಗುಣುಗಿದವು. ಕೊನೆಯ ಮಾತಿನಲ್ಲಿ ಎದೆ ಹಿಡಿದಿದೆ ಎಂದು ಅವಳು ಬಾಯಿ ಬಿಟ್ಟು ಹೇಳಿದ್ದಳು. ಮೂವರಿಗೂ ಕೇಳಿಸಿದ್ದು ಬೆಳ್ಳಕ್ಕಿ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಯಾರ ಮೇಲೆ ಎಂದು ತಿಳಿಯದೆ ಉಳಿದ ಕಡಬಿನ ತಾಟನ್ನು ಬದುವಿನಾಚೆ ಒಗೆದೆ.

ಮರುದಿನ ಮೂವರೂ ಶಿಗ್ಗಾಂವಿ ಬಸ್‌ಸ್ಟ್ಯಾಂಡಿನಲ್ಲಿ ಸೇರಿ ದುಂಡಸಿ ಬಸ್ ಹತ್ತಿದೆವು. ಅವಳನ್ನು ಅಂಗಳದಲ್ಲಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ವರಾಂಡದಲ್ಲಿ ನನ್ನ ಪಕ್ಕ ಬಂದ ದಿನ ಹೇಗೆ ಕೂತಿದ್ದಳೋ ಹಾಗೆಯೇ ಇದ್ದಳು. ತಿಪ್ಪವ್ವ ನೆಲಕ್ಕೆ ಬಿದ್ದು ಅತ್ತಳು. ಅಪರಿಚಿತ ಊರಿನಲ್ಲಿ, ಮುಸಲ್ಮಾನ ಹೆಂಗಸು ಯಾರು ಎಂದು ನೋಡುವ ಕಣ್ಣುಗಳ ನಡುವೆ, ಗೌಹರ ಹೋಗಿ ಫಕ್ಕೀರವ್ವನ ಪಾದದ ಬಳಿ ಕೂತು ಎದ್ದೇಳಲಿಲ್ಲ.

ಮಣ್ಣು ಮಾಡಿದ್ದು ಅವಳ ಹೊಲದಲ್ಲೇ, ಪರಮೇಶ್ವರಪ್ಪನವರ ಪಕ್ಕದಲ್ಲಿ. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿ ಮುಗಿಸಿದರು. ಜನ ಚದುರತೊಡಗಿದಾಗ ಬನ್ನಿಗಿಡದ ಕೊಂಬೆಗೆ ನೇತುಹಾಕಿದ್ದ ಬುಟ್ಟಿ ನನ್ನ ಕಣ್ಣಿಗೆ ಬಿತ್ತು. ನಿನ್ನೆ ಅವಳ ಕಾಲಬಳಿ ಇದ್ದದ್ದು ಇದೇ ಎಂದು ವಾಣಿಶ್ರೀ ಹೇಳಿದಳು. ಇಳಿಸಿ ನೋಡಿದೆ. ತಳದಲ್ಲಿ ಕಲಸಿದ ಚರಗ ಒಣಗಿ ಉಳಿದಿತ್ತು, ಒಂದು ಮೂಲೆಗೆ ಆಗುವಷ್ಟು.

ನಾನು ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಬಡಗಣ ಮೂಲೆಗೆ ನಡೆದೆ. ಯಾರಾದರೂ ಬಂದು ತಡೆಯಲಿ ಎಂದು ಕಾಯುತ್ತಲೇ ನಡೆದೆ. ತಡೆದವರಿಗೆ ಕೊಡಲು ಮಾತು ತುಟಿಯ ಮೇಲೇ ಇತ್ತು. ಈರಭದ್ರಪ್ಪ ತಲೆ ತಗ್ಗಿಸಿ ನಿಂತಿದ್ದ. ಅವನ ಹೆಂಡತಿ, ಆ ನೆಗೆಣ್ಣಿ, ಕೈಕಾಲು ತೊಳೆಯಲು ತಂದಿದ್ದ ಚೆರಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಯಾರೂ ತಡೆಯಲಿಲ್ಲ. ಬತ್ತದೊಳಗೆ ಒಂದು ಹಿಡಿ ಚೆಲ್ಲಿ, ಹುಲ್ಲುಲ್ಲಿಗೋ ಎಂದು ಕೂಗಿದೆ. ಓಗೊಡಬೇಕಾದ ತಿಪ್ಪವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಗೌಹರ ಫೋನನ್ನು ಎದೆಯ ಹತ್ತಿರ ಹಿಡಿದು ನಿಂತಿದ್ದಳು. ಇನ್ನೊಂದು ಹಿಡಿ ಚೆಲ್ಲಿದೆ, ಇನ್ನೊಮ್ಮೆ ಕೂಗಿದೆ.

ಹಿಂದಿನಿಂದ ನೀರು ಚಿಮುಕಿಸಿದ ಸದ್ದಾಯಿತು. "ಸಲಾಂಬ್ರಿಗೋ."

ತಿರುಗಿದೆ. ನೆಗೆಣ್ಣಿ. ಚೆರಿಗೆಯಲ್ಲಿ ಕೈ ಅದ್ದಿ ಅದ್ದಿ ನೀರು ಚಿಮುಕಿಸುತ್ತ ನನ್ನ ಹಿಂದೆ ಬರುತ್ತಿದ್ದಳು, ಮುಖವೆಲ್ಲ ಒದ್ದೆ. "ಅಕ್ಕ ಒಂದ ಮಾತು ಹೇಳಿದ್ರ ನಾನೂ ಜೋಡಿ ಬರ್ತಿದ್ನೆಲ್ರಿ" ಎಂದಳು. ಬರುತ್ತಿದ್ದಳೋ ಇಲ್ಲವೋ, ದೇವರಿಗೇ ಗೊತ್ತು. ಅವಳಿಗೂ ಗೊತ್ತಿತ್ತೋ ಇಲ್ಲವೋ. ತುಟಿಯ ಮೇಲಿದ್ದ ಮಾತನ್ನು ನಾನು ನುಂಗಿಕೊಂಡೆ. ಬುಟ್ಟಿ ಖಾಲಿಯಾಗುವ ತನಕ ನಾನು ಚೆಲ್ಲಿ ಕೂಗಿದೆ, ಅವಳು ಓಗೊಟ್ಟಳು.

ಆಮೇಲೆ ಎಲ್ಲರೂ ಸಾಲಾಗಿ ಏರಿ ಹತ್ತಿದೆವು. ಮೇಲೆ ಬಂದು ಕೆರೆಯ ಗಾಳಿ ಮುಖಕ್ಕೆ ಬಡಿಯುವಾಗ ನನ್ನ ಫೋನ್ ಗುಣುಗಿತು, ತಿಪ್ಪವ್ವನದೂ ಗುಣುಗಿತು. ಕೆಳಗೆ ಚರಗ ಚೆಲ್ಲುವಾಗ ಗೌಹರ ನನ್ನ ಮತ್ತು ನೆಗೆಣ್ಣಿಯ ಕೂಗನ್ನು ಫೋನಿನಲ್ಲಿ ಹಿಡಿದು ಗುಂಪಿಗೆ ಹಾಕಿದ್ದಳು. ಅಷ್ಟು ಹೊತ್ತು ತಗ್ಗಿನಲ್ಲಿ ಕೂತಿದ್ದ ಆ ಮಾತು ಈಗ ಹೊರಟಿತ್ತು. ಮುಂದೆ ನಡೆಯುತ್ತಿದ್ದ ವಾಣಿಶ್ರೀ ತಟ್ಟನೆ ನಿಂತಳು. ಅವಳ ಕೈಯಲ್ಲಿದ್ದ ಫಕ್ಕೀರವ್ವನ ಫೋನಿಗೂ ಅದು ಬಂದು ಮುಟ್ಟಿತ್ತು.